ಖಾರದ ಎಣ್ಣೆಯ ಎಂಜಿನ್ನೂ ಹಿರೇಕೆರೂರಿನವರ ಕಣ್ಣೀರೂ

ಡೀಸೆಲ್ ಎಂಜಿನ್ನಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಶಿಗ್ಗಾವಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಅದರ ಪಾಠ ಮಾಡಿದ್ದೆ. ಕರಿಹಲಗೆಯ ಮೇಲೆ ಸಿಲಿಂಡರು, ಪಿಸ್ಟನ್ನು, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬಾಣದ ಗುರುತು ಹಾಕುತ್ತಿದ್ದೆ. ನಾನು ಬರೆದ ಎಂಜಿನ್ ಒಮ್ಮೆಯೂ ಕೆಟ್ಟು ನಿಂತದ್ದಿಲ್ಲ.

ನಿಜವಾದ ಎಂಜಿನ್ ಇದ್ದದ್ದು ನಮ್ಮ ಮನೆಗೆ ಹತ್ತಿಕೊಂಡಿದ್ದ ಹಿಟ್ಟಿನ ಗಿರಣಿಯಲ್ಲಿ. ಗಿರಣಿ ನನ್ನ ಹೆಂಡತಿ ಗಿರಿಜವ್ವನದು. ಬಂಕಾಪುರದಲ್ಲಿ ಗಿರಣಿ ನಡೆಸುತ್ತಿದ್ದ ಅವಳಪ್ಪ ಮಗಳಿಗೆ ಆ ವಿದ್ಯೆಯನ್ನೂ ಒಂದು ಎಂಜಿನ್ನನ್ನೂ ಕೊಟ್ಟು ಕಳಿಸಿದ್ದರು. ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವವಳು ಅವಳು, ಪಟ್ಟಾ ಏರಿಸುವವಳು ಅವಳು, ಕಲ್ಲಿಗೆ ಹಲ್ಲು ಹಾಕುವವಳೂ ಅವಳೇ. ಸಲಹೆ ಕೊಡುವ ಕೆಲಸ ನನ್ನದು. ಅದನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನಾಗಿಯೇ ವಹಿಸಿಕೊಂಡಿದ್ದೆ!

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಡೀಸೆಲ್ ಸಿಗುವುದು ಕಷ್ಟವಾಗಿತ್ತು. ಬಂಕಿನ ಮುಂದೆ ಜನರ ಬದಲು ಖಾಲಿ ಡಬ್ಬಿಗಳು ಸಾಲು ಹಚ್ಚಿ ನಿಂತಿರುತ್ತಿದ್ದವು. ಗಿರಿಜವ್ವನ ಡಬ್ಬಿ ಮೂರು ದಿನ ನಿಂತು ಅರ್ಧ ತುಂಬಿ ಬರುತ್ತಿತ್ತು. ನಮ್ಮ ಓಣಿಗೆ ದೀಪ ಹಚ್ಚುವಷ್ಟು ಕರೆಂಟು ಬಂದಿತ್ತೇ ಹೊರತು ಗಿರಣಿ ತಿರುಗಿಸುವಷ್ಟು ಬಂದಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಗಿರಣಿ ಬಂದ್. ಓಣಿಯ ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತುಕೊಂಡು ಬಂದು, ಬಾಗಿಲು ನೋಡಿ, ನನ್ನನ್ನು ನೋಡಿ ಹೋಗುತ್ತಿದ್ದರು. ಆ ನೋಟ ನನ್ನನ್ನು ಕುಂತಲ್ಲಿ ಕುಂಡ್ರಗೊಡುತ್ತಿರಲಿಲ್ಲ. ವಿಜ್ಞಾನದ ಮಾಸ್ತರ ಮನೆಯಲ್ಲಿದ್ದೂ ಹಿಟ್ಟಿಲ್ಲವೇ!

ಇದರ ಮೇಲೆ ಎದುರು ಮನೆಯ ಫಕೀರಪ್ಪನ ತಕರಾರು. ಫಕೀರಪ್ಪ ಟೇಲರ್. ನಮ್ಮ ಚಿಮಣಿಯ ಬಾಯಿ ಸರಿಯಾಗಿ ಅವನ ಅಂಗಡಿಯ ಕಡೆಗಿತ್ತು. ಗಿರಣಿ ನಡೆದ ದಿನ ಅವನು ಹೊಲಿದಿಟ್ಟ ಬಿಳಿ ಅಂಗಿಗಳ ಮೇಲೆ ಮಸಿ ಕೂರುತ್ತಿತ್ತು.

"ಮಾಸ್ತರ್ರ, ಮೊನ್ನೆ ಒಬ್ರ ಶರ್ಟಿಗೆ ನಾನು ಹೊಲೀಲಾರದ ಚುಕ್ಕಿ ಬಂದಾವ್ರಿ. ಡಿಸೈನ್ ಅಂತ ಹೇಳಿ ಕೊಟ್ಟು ಕಳಿಸೇನಿ. ಎಷ್ಟ ಮಂದಿಗೆ ಡಿಸೈನ್ ಅಂತ ಹೇಳ್ಲಿ?"

ಒಂದು ಕಡೆ ಡೀಸೆಲ್ ಇಲ್ಲ, ಇನ್ನೊಂದು ಕಡೆ ಡೀಸೆಲ್ಲಿನ ಮಸಿ. ಎರಡಕ್ಕೂ ಒಂದೇ ಪರಿಹಾರ ನನ್ನ ತಲೆಯಲ್ಲಿ ಮಿಂಚಿತು. ಈ ಜಾತಿಯ ಎಂಜಿನ್ ಹುಟ್ಟಿದ ಕಾಲದಲ್ಲಿ ಶೇಂಗಾ ಎಣ್ಣೆಯ ಮೇಲೂ ಓಡಿತ್ತೆಂದು ಎಲ್ಲೋ ಓದಿದ್ದೆ. ಹೊಸ ಎಣ್ಣೆಯನ್ನು ಎಂಜಿನ್ನಿಗೆ ಸುರಿದರೆ ಒಗ್ಗರಣೆಗೆ ಏನು ಮಾಡುವುದು? ಆದರೆ ಕರಿದು ಉಳಿದ ಎಣ್ಣೆ? ತಿನ್ನುವ ಪದಾರ್ಥದ ಹೊಗೆಯಿಂದ ಯಾರಿಗೆ ಏನು ತೊಂದರೆ? ಅದೇ ಸಂಜೆ ಫಕೀರಪ್ಪನಿಗೆ ಮಾತು ಕೊಟ್ಟುಬಿಟ್ಟೆ.

"ಫಕೀರಪ್ಪ, ಇನ್ನ ಮ್ಯಾಲ ನಮ್ಮ ಚಿಮಣಿಯಿಂದ ನಿನ್ನ ಅಂಗಡಿಗೆ ಒಂದ ಚುಕ್ಕಿ ಮಸಿ ಬಂದ್ರ ನನ್ನ ಕೇಳು."

ಈ ಮಾತನ್ನು ನಾನು ಕೊನೆಯವರೆಗೂ ಉಳಿಸಿಕೊಂಡೆನೆಂದು ಇಲ್ಲಿಯೇ ದಾಖಲಿಸಲು ಬಯಸುತ್ತೇನೆ. ಮಸಿ ಬರಲಿಲ್ಲ.

ಕರಿದ ಎಣ್ಣೆ ಬೇಕೆಂದರೆ ಸವಣೂರಿಗೆ ಹೋಗಬೇಕು. ಅಲ್ಲಿ ಸೇವು, ಚೂಡಾದಂಥ ಖಾರ ಕರಿಯುವ ಕಡಾಯಿಗಳಿಗೆ ಬಿಡುವೇ ಇಲ್ಲ. ರವಿವಾರ ಬೆಳಿಗ್ಗೆ ಹೋಗಿ ಮೆಹಬೂಬಸಾಬರ ಅಂಗಡಿಯ ಮುಂದೆ ನಿಂತೆ. ಅವರು ಜಾಲರಿ ಸೌಟಿನಿಂದ ಖಾರವನ್ನು ಎತ್ತಿ ಬುಟ್ಟಿಗೆ ಹಾಕುತ್ತ, "ಬರ್ರಿ ಮಾಸ್ತರ್ ಸಾಹೇಬ್ರ, ಕುಂತ್ರಿ. ಬಿಸಿ ಐತಿ, ಪಾವ್ ಕಿಲೋ ಕಟ್ಟಲೇನ್ರಿ?" ಎಂದರು.

"ಖಾರ ಬ್ಯಾಡ್ರಿ. ಖಾರ ಕರದು ಉಳದ ಎಣ್ಣಿ ಬೇಕಾಗಿತ್ತು."

ಸೌಟು ಗಾಳಿಯಲ್ಲೇ ನಿಂತಿತು. "ಯಾಕ್ರಿ? ಗಾಡಿ ಕೀಲಿಗೇನ್ರಿ?"

"ಅಲ್ರಿ, ಎಂಜಿನ್ನಿಗೆ."

ಮೆಹಬೂಬಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂಲೆಯಲ್ಲಿದ್ದ ತಗಡಿನ ಡಬ್ಬಿಯೊಂದನ್ನು ತೋರಿಸಿ, "ಒಯ್ರಿ. ಖರೆ, ಒಂದ ಮಾತ ಹೇಳ್ತೇನಿ. ಈ ಎಣ್ಣಿ ಭಾಳ ಖಾರ ಕಂಡೈತ್ರಿ. ಎಂಜಿನ್ನಿಗೆ ನೀರಡಿಕಿ ಆದೀತು!" ಎಂದು ನಕ್ಕರು. ನಾನೂ ನಕ್ಕೆ. ಅವರು ಅನುಭವದಿಂದ ನಕ್ಕಿದ್ದರು. ನಾನು ಸುಮ್ಮನೆ ನಕ್ಕಿದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ಡಬ್ಬಿಯ ಹತ್ತಿರ ಬಂದು ಮೂಗು ಅರಳಿಸಿದ. "ಮಾಸ್ತರ್ರ, ಡಬ್ಬ್ಯಾಗ ಏನೈತ್ರಿ?"

"ಇಂಧನ," ಎಂದೆ, ಹೆಮ್ಮೆಯಿಂದ.

"ಹತ್ತಿ ಉರಿಯೂದೇನ್ರಿ? ಹಂಗಾರ ಇಳೀರಿ. ಬಸ್ಸಿನ್ಯಾಗ ಒಯ್ಯಾಂಗಿಲ್ಲ."

"ಅಲ್ಲಲ್ಲ! ಇದು ತಿನ್ನೂ ಎಣ್ಣಿ."

ಅವನು ಮುಚ್ಚಳ ತೆಗೆದು ನೋಡಿದ. ಒಳಗೆ ಕಪ್ಪಗೆ, ಮಂದವಾಗಿ, ಕರಿಬೇವಿನ ಸುಟ್ಟ ಎಲೆಗಳು ತೇಲುತ್ತಿದ್ದವು. "ಇದನ್ನ ತಿಂತೀರೇನ್ರಿ?"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಇಳಿದು ನಡೆಯುವುದಕ್ಕಿಂತ ತಿನ್ನುವುದೇ ಮೇಲೆಂದು ತೀರ್ಮಾನಿಸಿ, "ಹೂಂ, ತಿಂತೇವಿ" ಎಂದೆ. ಹಿಂದಿನ ಸೀಟಿನ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದಳು: "ಪಾಪ, ಮಾಸ್ತರ ಮಂದೀಗೆ ಪಗಾರ ಸಾಲೂದಿಲ್ಲ ಕಾಣಸ್ತೈತೆವಾ."

ಮನೆಗೆ ಬಂದು ಎಣ್ಣೆಯನ್ನು ಹಳೆಯ ಪಂಚೆಯಲ್ಲಿ ಸೋಸಿದೆ. ಆಮೇಲೆ ನನ್ನೊಳಗಿನ ವಿಜ್ಞಾನಿ ಸುಮ್ಮನಿರಲಿಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ, ಸ್ಪಿರಿಟ್ ಸೇರಿಸಿದರೆ ಅದು ತೆಳ್ಳಗಾಗಿ ಡೀಸೆಲ್ಲಿನ ಹಾಗೆಯೇ ಆಗುತ್ತದೆಂದು ಪುಸ್ತಕದಲ್ಲಿತ್ತು. ಯಾವ ಸ್ಪಿರಿಟ್, ಎಷ್ಟು ಎಂಬುದು ಮುಂದಿನ ಪುಟದಲ್ಲಿತ್ತು. ಆ ಪುಟ ಹರಿದು ಹೋಗಿತ್ತು. ನಾನು ಬಡಗಿಯ ಪಾಲಿಶ್ ಸ್ಪಿರಿಟ್ ತಂದು, ಅಂದಾಜಿನ ಮೇಲೆ ಸುರಿದು, ಹಿತ್ತಲಿನಲ್ಲಿ ಕೂತು ಕೋಲಿನಿಂದ ತಿರುವಿದೆ. ತಿರುವಿದಂತೆಲ್ಲ ಅದು ತೆಳ್ಳಗಾಗುವ ಬದಲು ಗಟ್ಟಿಯಾಯಿತು. ಕೊನೆಗೆ ಕೋಲು ಅಲ್ಲಿಯೇ ನೆಟ್ಟು ನಿಂತಿತು.

ಗಿರಿಜವ್ವ ಬಂದು ಬೆರಳಿನಿಂದ ಮುಟ್ಟಿ ನೋಡಿದಳು. ನೀರು ಹಾಕಿ ತಿಕ್ಕಿದಳು. ಬುರುಗು ಬಂತು.

"ಏನ್ರಿ, ಗಿರಣಿಗೆ ಎಣ್ಣಿ ಮಾಡ್ತೇನಿ ಅಂದ್ರಿ. ಸಬಕಾರ ಮಾಡೀರಿ."

"ಇದು ಮದಲನೇ ಹಂತ," ಎಂದೆ.

"ಎರಡನೇ ಹಂತದಾಗ ಟವೆಲ್ ಬರ್ತೈತೇನ್ರಿ?"

ಆ ಸಬಕಾರದಿಂದ ಗಿರಿಜವ್ವ ಎರಡು ವಾರ ನಮ್ಮ ಬಟ್ಟೆ ಒಗೆದಳು. ನನ್ನ ಅಂಗಿಗೆಲ್ಲ ಖಾರದಂಗಡಿಯ ವಾಸನೆ ಹತ್ತಿತು. ಶಾಲೆಯಲ್ಲಿ ನಾನು ಹಲಗೆಯ ಕಡೆ ತಿರುಗಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಯಾರೋ ಬಾಯಿ ಚಪ್ಪರಿಸುವ ಸಪ್ಪಳ ಕೇಳುತ್ತಿತ್ತು.

ರಸಾಯನಶಾಸ್ತ್ರವನ್ನು ಅಲ್ಲಿಗೆ ಬಿಟ್ಟು ಸವಣೂರಿನಿಂದ ಇನ್ನೊಂದು ಡಬ್ಬಿ ತಂದೆ. ಸೋಸಿದ ಎಣ್ಣೆಯನ್ನು ಡೀಸೆಲ್ಲಿಗೆ ಅರ್ಧಕ್ಕರ್ಧ ಬೆರೆಸಿದೆ. ಒಂದು ಮಧ್ಯಾಹ್ನ ಗಿರಿಜವ್ವ ಬೀಸುವುದನ್ನು ಮುಗಿಸುವ ಹೊತ್ತಿಗೆ, ಬಿಸಿಯಾಗಿದ್ದ ಎಂಜಿನ್ನಿಗೆ ಆ ಬೆರಕೆಯನ್ನು ಕುಡಿಸಿದೆವು. ಎಂಜಿನ್ ಒಂದು ಸಲ ಗೊಂದಲಕ್ಕೊಳಗಾಯಿತು, ಆಮೇಲೆ ಟುಕು ಟುಕು ಎಂದು ಸುಖವಾಗಿ ಓಡಿತು! ಓಣಿಯ ತುಂಬ ಮಿರ್ಚಿ ಭಜಿಯ ವಾಸನೆ. ಎರಡು ಮನೆಯವರು ಬಂದು, "ಇವತ್ತೇನ್ರಿ ವಿಶೇಷ?" ಎಂದು ಕೇಳಿ, ಚಿಮಣಿ ತೋರಿಸಿದ ಮೇಲೆ ನಿರಾಶರಾಗಿ ಹೋದರು.

ಬರೀ ವಾಸನೆಯಿಂದ ವಿಜ್ಞಾನ ತೃಪ್ತಿಪಡುವುದಿಲ್ಲ. ಹೊಗೆಯನ್ನು ಅಳೆಯಬೇಕು. ಡೀಸೆಲ್ ಇದ್ದಾಗ ಒಂದು ಬಿಳಿ ಕರವಸ್ತ್ರವನ್ನು ಕೋಲಿಗೆ ಕಟ್ಟಿ ಚಿಮಣಿಯ ಬಾಯಿಗೆ ಹಿಡಿದು ನೂರು ಎಣಿಸಿದ್ದೆ. ಅದು ಕಾಡಿಗೆಯಂತಾಗಿತ್ತು. ಈಗ ಇನ್ನೊಂದನ್ನು ಹಿಡಿದು ನೂರು ಎಣಿಸಿದೆ. ಬರೀ ಚಹಾದ ಬಣ್ಣ! ಎರಡನ್ನೂ ಹಿಡಿದು ಓಣಿಯಲ್ಲಿ ಮನೆಮನೆಗೂ ಹೋಗಿ ತೋರಿಸಿದೆ. ಫಕೀರಪ್ಪ ಕೈಮುಗಿದ. ಗಿರಿಜವ್ವ ಮಾತ್ರ, "ಅವು ನಮ್ಮ ಲಗ್ನದಾಗ ನಿಮಗ ನಮ್ಮಪ್ಪ ಕೊಟ್ಟ ದಸ್ತಿ ಅಲ್ರಿ?" ಎಂದಳು. ಸಂಶೋಧನೆಗೆ ತ್ಯಾಗ ಬೇಕಾಗುತ್ತದೆ. ಮಾವನವರ ತ್ಯಾಗವಾದರೂ ಆದೀತು.

ಆ ಯಶಸ್ಸಿನಿಂದ ನನಗೆ ನಿದ್ದೆ ಬರದಂತಾಯಿತು. ಅರ್ಧ ಎಣ್ಣೆಗೇ ಹೊಗೆ ಇಷ್ಟು ಬೆಳ್ಳಗಾದರೆ ಪೂರ್ತಿ ಎಣ್ಣೆಗೆ ಎಷ್ಟು ಬೆಳ್ಳಗಾದೀತು? ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ಅದೇ ಯೋಚನೆ. ಊಟಕ್ಕೆ ಕೂತರೆ ಎದ್ದು ಡಬ್ಬಿ ನೋಡಿ ಬರುತ್ತಿದ್ದೆ. ಆದರೆ ಗಿರಿಜವ್ವ ಒಪ್ಪಲಿಲ್ಲ. "ಅರ್ಧ ಸಾಕ್ರಿ. ಅದರ ಹೊಟ್ಟಿ ಅದಕ್ಕ ಗೊತ್ತು."

ಹೀಗಿರುವಾಗ ಎದುರು ಮನೆಗೆ ಹೆಣ್ಣು ನೋಡಲು ಬರುವವರಿದ್ದಾರೆಂದು ಸುದ್ದಿ ಬಂತು. ಫಕೀರಪ್ಪನ ಮಗಳು ನೀಲವ್ವ ನನ್ನ ಹಳೆಯ ವಿದ್ಯಾರ್ಥಿನಿ. ಮೆಟ್ರಿಕ್ ಮುಗಿಸಿ ಅಪ್ಪನ ಪಕ್ಕದಲ್ಲೇ ಇನ್ನೊಂದು ಮಷಿನ್ ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಕಡಿಮೆ ಮಾತಿನ, ಚೂಟಿ ಹುಡುಗಿ. ಹುಡುಗ ಹಿರೇಕೆರೂರಿನವನು, ಹೆಸರು ಮಲ್ಲೇಶಿ. ಏನೋ ಸ್ವಂತ ಉದ್ಯೋಗವೆಂದಿದ್ದರು.

ಆ ದಿನ ಮುಂಜಾನೆ ಗಿರಿಜವ್ವ ಮಿರ್ಚಿ ಭಜಿ ಕರಿದುಕೊಡಲು ಫಕೀರಪ್ಪನ ಮನೆಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಹೇಳಿದಳು: "ಇವತ್ತ ಗಿರಣಿ ಬಂದ್. ಮಂದಿ ಬಂದು ಹೋಗೂತನಾ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ. ಪೇಪರ ಓದಕೋಂತ ಕುಂದರ್ರಿ."

ಕೂತೆ. ಪೇಪರು ಓದಿದೆ. ಜಾಹೀರಾತುಗಳನ್ನೂ ಓದಿದೆ. ಎದ್ದೆ, ಕೂತೆ. ಅಷ್ಟರಲ್ಲಿ ಹುಲಗೂರಿನ ಹಿರಿಯರೊಬ್ಬರು ಜೋಳದ ಚೀಲ ಇಳಿಸಿದರು. ತಾಲೂಕು ಕಚೇರಿಯ ಕೆಲಸಕ್ಕೆ ಬಂದವರು. ಹೋಗುವಾಗ ಹಿಟ್ಟು ಮಾಡಿಸಿಕೊಂಡು ಹೋಗುವ ಆಸೆ.

"ಗಿರಣಿ ಬಂದೇನ್ರಿ?" ಎಂದು ಅವರು ಚೀಲ ಎತ್ತಿಕೊಳ್ಳಹೋದರು.

ಅಲ್ಲಿಯೇ ನಾನು ಸುಮ್ಮನಿರಬೇಕಿತ್ತು. ಆದರೆ ಡಬ್ಬಿಯಲ್ಲಿ ಬರೀ ಎಣ್ಣೆ, ಎಂಜಿನ್ನಿನಲ್ಲಿ ಖಾಲಿ ಟಾಕಿ, ಮನೆಯಲ್ಲಿ ಹೆಂಡತಿ ಇಲ್ಲ. ಇಂಥ ಅವಕಾಶ ವಿಜ್ಞಾನಕ್ಕೆ ಪದೇ ಪದೇ ಸಿಗುವುದಿಲ್ಲ! ಟಾಕಿಯ ತುಂಬ ಖಾರದ ಎಣ್ಣೆ ಸುರಿದೆ. ಚಳಿಗಾಲ. ಎಣ್ಣೆ ತುಪ್ಪದ ಹಾಗೆ ಮೆಲ್ಲಗೆ ಇಳಿಯಿತು. ನಾನೂ ಹಿರಿಯರೂ ಸರದಿಯ ಮೇಲೆ ಹ್ಯಾಂಡಲ್ ತಿರುಗಿಸಿದೆವು. ಪೈಪಿನಲ್ಲಿ ಉಳಿದಿದ್ದ ಡೀಸೆಲ್ಲಿನ ಪುಣ್ಯದಿಂದ ಎಂಜಿನ್ ಎದ್ದಿತು. ಕೆಮ್ಮಿತು. ನಡೆಯಿತು.

ಹೊರಗೆ ಓಡಿಹೋಗಿ ಚಿಮಣಿ ನೋಡಿದೆ. ಹೊಗೆ ಬೆಳ್ಳಗಿತ್ತು! ಮಸಿಯ ಸುಳಿವೇ ಇಲ್ಲ. ಮಂಜಿನ ಹಾಗೆ ತೆಳ್ಳಗೆ ಎದ್ದು, ಗಾಳಿಗೆ ಮೆಲ್ಲಗೆ ಬಾಗಿ, ಫಕೀರಪ್ಪನ ಕಿಟಕಿಯೊಳಗೆ ಸದ್ದಿಲ್ಲದೆ ಹೋಗುತ್ತಿತ್ತು. ಬಿಳಿ ಎಂದರೆ ಶುದ್ಧ. ನನ್ನ ಕಣ್ಣು ತುಂಬಿ ಬಂತು. ಸಂತೋಷಕ್ಕೆಂದುಕೊಂಡೆ.

ಒಳಗೆ ಬಂದರೆ ಹುಲಗೂರಿನ ಹಿರಿಯರು ರುಮಾಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನೀರು.

"ಮಾಸ್ತರ್ರ, ಜೋಳ ಬೀಸಾಕತ್ತೀರೋ ಉಳ್ಳಾಗಡ್ಡಿ ಬೀಸಾಕತ್ತೀರೋ?"

"ಹೊಸಾ ಇಂಧನ್ರಿ. ರೂಢಿ ಆಗೂತನಾ ಹಿಂಗ," ಎಂದು ನಾನೂ ಕೆಮ್ಮಿದೆ.

ಅರ್ಧ ತಾಸು ನಡೆದ ಎಂಜಿನ್ ಒಮ್ಮೆ ನರಳಿ ನಿಂತುಬಿಟ್ಟಿತು. ಹ್ಯಾಂಡಲ್ ಹಿಡಿದು ಜೋತುಬಿದ್ದರೂ ಅಲುಗಲಿಲ್ಲ. ಹಿರಿಯರು ಅರ್ಧ ಹಿಟ್ಟು, ಅರ್ಧ ಜೋಳ ಕಟ್ಟಿಕೊಂಡು, ಕಣ್ಣೊರೆಸಿಕೊಳ್ಳುತ್ತ ಹೊರಟರು. ಓಣಿಯವರು ನೋಡಿ, ಪಾಪ, ಕಚೇರಿಯ ಕೆಲಸ ಆಗಲಿಲ್ಲವೇನೋ ಎಂದುಕೊಂಡರಂತೆ.

ಅದೇ ಹೊತ್ತಿಗೆ ಎದುರು ಮನೆಯಲ್ಲಿ ನಡೆದದ್ದನ್ನು ಗಿರಿಜವ್ವ ಆಮೇಲೆ ಹೇಳಿದಳು. ಬಂದವರು ಜಮಖಾನದ ಮೇಲೆ ಕೂತಿದ್ದರು. ನೀಲವ್ವ ಭಜಿಯ ತಾಟು ತಂದು ಇಟ್ಟಳು. ಹುಡುಗನ ಅವ್ವ, "ನಿನ್ನ ಹೆಸರೇನವಾ?" ಎಂದು ಕೇಳಿದಳು. ನೀಲವ್ವ ಬಾಯಿ ತೆಗೆದಳು. ಮಾತು ಬರಲಿಲ್ಲ, ಕಣ್ಣಿನಿಂದ ದಳದಳ ನೀರು ಬಂತು. "ಯಾಕವಾ, ಯಾಕ ಅಳಾಕತ್ತಿ?" ಎಂದರೆ ಇನ್ನಷ್ಟು ನೀರು! ಅಷ್ಟರಲ್ಲಿ ಫಕೀರಪ್ಪ ನೋಡಿದ: ಮೂಲೆಯಲ್ಲಿ ಕೂತ ಹುಡುಗನೂ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಒಳಗೆ ಮೆಣಸಿನಕಾಯಿ ಕರಿಯುತ್ತಿದ್ದದ್ದರಿಂದ ಘಾಟಿನ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ. ಹುಡುಗಿಗೆ ಮನಸ್ಸಿಲ್ಲವೆಂದು ಅವರು ತಿಳಿದರು. ಹುಡುಗನಿಗೆ ಮನಸ್ಸಿಲ್ಲವೆಂದು ಇವರು ತಿಳಿದರು. ಎರಡೂ ಕಡೆಯವರು ಮರ್ಯಾದೆಯಿಂದ ಕೈಮುಗಿದು, ಮೂಗೇರಿಸುತ್ತ ಬೀಳ್ಕೊಂಡರು.

ನಾಲ್ಕು ದಿನಕ್ಕೆ ಹಿರೇಕೆರೂರಿನಿಂದ ಕಾಗದ ಬಂತು: ಹುಡುಗಿ ಒಲ್ಲೆನ್ನುವಾಗ ನಾವು ಒತ್ತಾಯ ಮಾಡುವವರಲ್ಲ.

ಫಕೀರಪ್ಪ ಅದನ್ನು ತಂದು ನನಗೇ ಓದಿ ತೋರಿಸಿದ. "ಒಲ್ಲೆ ಅಂದಾಂವ ಅವರ ಹುಡುಗ್ರಿ ಮಾಸ್ತರ್ರ. ಹೆಣ್ಣ ನೋಡಾಕ ಬಂದು ಸತ್ತವರ ಮನ್ಯಾಗ ಕುಂತಂಗ ಅಳಾಕತ್ತಿದ್ದ. ಈಗ ತಪ್ಪ ನಮ್ಮ ಹುಡುಗಿ ಮ್ಯಾಲ ಹಾಕ್ಯಾರ. ಊರಾಗ ಸುದ್ದಿ ಆದ್ರ ನಾಳೆ ಯಾರ ಬರ್ತಾರ?"

ಆ ಹುಡುಗ ಯಾಕೆ ಅತ್ತನೆಂದು ನನಗೆ ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ಗಿರಿಜವ್ವನಿಗೂ ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಗಿರಣಿಯ ಸಪ್ಪಳಕ್ಕೆ ಹುಲಗೂರಿನವರ ಜೋಳದ ಹೆಸರು ಹೇಳಿದ್ದೆ, ಎಣ್ಣೆಯ ಹೆಸರು ಹೇಳಿರಲಿಲ್ಲ. ಎಂಜಿನ್ ಯಾಕೆ ಅಲುಗುತ್ತಿಲ್ಲವೆಂದು ಅವಳು ಕೇಳಿದಾಗ, "ಚಳಿ" ಎಂದಿದ್ದೆ.

ಆ ಸಂಜೆ ನೀಲವ್ವ ಒಂದು ಜಂಪರ್ ಕೊಡುವ ನೆವ ಮಾಡಿಕೊಂಡು ಬಂದಳು. ಗಿರಿಜವ್ವನ ಕೈಗೆ ಅದನ್ನು ಕೊಟ್ಟು, ನನ್ನ ಕಡೆ ನೋಡಿದಳು.

"ಸರ್, ನಾ ಅತ್ತಿಲ್ರಿ. ಕಣ್ಣು ಉರದ್ವು. ಅವರಿಗೂ ಉರದಿರಬೇಕು. ಭಜಿ ನಾ ದಿನಾ ಕರೀತೇನಿ, ಭಜಿಗೆ ಹಂಗ ಉರಿಯೂದಿಲ್ರಿ." ಸ್ವಲ್ಪ ತಡೆದು ಹೇಳಿದಳು, "ಆವತ್ತ ಗಿರಣಿ ಸಪ್ಪಳ ಕೇಳ್ತಿತ್ರಿ."

ಹನ್ನೊಂದು ವರ್ಷದಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಗಮನಿಸಿ, ಹೋಲಿಸಿ, ತೀರ್ಮಾನಕ್ಕೆ ಬರಲಿ ಎಂದು ಆಸೆಪಟ್ಟಿದ್ದೆ. ಆ ವಿದ್ಯಾರ್ಥಿ ಸಿಕ್ಕಿದ್ದು ಇಂಥ ಹೊತ್ತಿನಲ್ಲಿ!

"ನಿನಗ ಆ ಹುಡುಗ ಪಸಂದ ಇದ್ದನೇನು?" ಎಂದು ಗಿರಿಜವ್ವ ಮೆಲ್ಲಗೆ ಕೇಳಿದಳು.

ನೀಲವ್ವ ಗಿರಿಜವ್ವನ ಕೈಯಲ್ಲಿದ್ದ ಜಂಪರಿನ ಗುಂಡಿಯನ್ನು ಎರಡು ಸಲ ತಿರುವಿ ಹೊರಟುಹೋದಳು. ಈ ಸಲ ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೊಗೆ ಇರಲಿಲ್ಲ.

ಗಿರಿಜವ್ವ ನನ್ನ ಕಡೆ ತಿರುಗಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಮದಲನೇ ಬಸ್ಸಿಗೆ ಹಿರೇಕೆರೂರಿಗೆ ಹೋಗ್ರಿ. ಏನ ಮಾಡೀರೋ ಅದನ್ನ ಅವರ ಮುಂದ ಹೇಳಿ ಬರ್ರಿ," ಎಂದಳು.

"ಕಾಗದ ಬರದ್ರ ಸಾಲೂದಿಲ್ಲ?"

"ಕಾಗದಕ್ಕ ಮುಖ ಇರೂದಿಲ್ರಿ."

ಸಾಕ್ಷಿಗೆ ಎರಡು ಕರವಸ್ತ್ರ, ಒಂದು ಸೀಸೆಯಲ್ಲಿ ಆ ಎಣ್ಣೆ ತೆಗೆದುಕೊಂಡು ಹೊರಟೆ. ಬಂಕಾಪುರ ದಾಟಿತು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಂದ ತಿರುಗಿ ಬಂದುಬಿಡಲೇ ಎಂದು ಮೂರು ಸಲ ಯೋಚಿಸಿ, ಸ್ಟ್ಯಾಂಡಿನಲ್ಲಿ ಈ ಕಂಬದಿಂದ ಆ ಕಂಬಕ್ಕೆ ತಿರುಗಾಡಿದೆ. ಕಂಟ್ರೋಲರ್ ಕೇಳಿದ, "ಯಾವ ಊರಿಗ್ರಿ?" ಹೇಳಿದೆ. ಅವನು ಕೈಹಿಡಿದು ಹಿರೇಕೆರೂರಿನ ಬಸ್ಸಿಗೆ ಹತ್ತಿಸಿಯೇ ಬಿಟ್ಟ. ಹೀಗೆ ನನ್ನ ಧೈರ್ಯದಲ್ಲಿ ಅವನ ಪಾಲೂ ಇದೆ.

ಮನೆ ಹುಡುಕಿ ಹೋದೆ. ಮಲ್ಲೇಶಿಯ ಅವ್ವ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಪರಿಚಯ ಹೇಳಿ, ಗಂಟಲು ಸರಿಮಾಡಿಕೊಂಡು ಆರಂಭಿಸಿದೆ: ಎಣ್ಣೆ ಪೂರ್ತಿ ಉರಿಯದೆ ಬರೀ ಬೆಂದರೆ ಹೊಗೆಯಲ್ಲಿ ಕಣ್ಣಿಗೆ ಉರಿ ಹುಟ್ಟಿಸುವ ಒಂದು ಆವಿ ಉಂಟಾಗುತ್ತದೆ, ಸದರಿ ಆವಿಯು ಬಣ್ಣರಹಿತವಾಗಿರುತ್ತದೆ, ಆದ್ದರಿಂದ ಸದರಿ ದಿನದಂದು ಸುರಿದ ಕಣ್ಣೀರನ್ನು ದುಃಖದ ಕಣ್ಣೀರೆಂದು ಪರಿಗಣಿಸತಕ್ಕದ್ದಲ್ಲ. ಹೇಳುತ್ತಲೇ ಎರಡೂ ಕರವಸ್ತ್ರಗಳನ್ನು ಬಿಚ್ಚಿ ಹಿಡಿದೆ.

ಆಕೆ ಅವುಗಳನ್ನು ನೋಡಿದಳು. "ಇವನ್ನ ಒಗ್ಯಾಕ ತಂದೀರೇನ್ರಿ?"

ವಿಜ್ಞಾನ ಬಿಟ್ಟು ಸೀದಾ ಹೇಳಿದೆ. "ಅವ್ವಾರ, ತಪ್ಪು ನಂದು. ಎದರ ಮನಿ ಗಿರಣಿ ನಮ್ಮದು. ಕರದ ಎಣ್ಣಿ ಹಾಕಿ ಎಂಜಿನ್ ನಡಸಿದೆ. ಆ ಹೊಗಿಗೆ ನೀವೆಲ್ಲ ಅತ್ತೀರಿ. ಹುಡುಗಿ ಒಲ್ಲೆ ಅಂದಿಲ್ಲ."

"ಹೊಗಿ ಎಲ್ಲಿತ್ರಿ? ನಾ ನೋಡಲಿಲ್ಲ. ಆ ಹುಡುಗಿ ಅಪ್ಪ ನಿಮಗ ಹೇಳಿ ಕಳಿಸಿರಬೇಕು."

ಅಷ್ಟರಲ್ಲಿ ಪಕ್ಕದ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಮಲ್ಲೇಶಿ ಬಂದ. ಆ ಶೆಡ್ಡನ್ನು ನಾನು ಆಗ ನೋಡಿದೆ. ಒಳಗೆ ಬಿಚ್ಚಿಹಾಕಿದ ಪಂಪ್‌ಸೆಟ್ಟುಗಳು, ಪಿಸ್ಟನ್ನುಗಳು, ಎಂಜಿನ್ನುಗಳು! ಹುಡುಗನ ಸ್ವಂತ ಉದ್ಯೋಗ ಡೀಸೆಲ್ ಎಂಜಿನ್ ರಿಪೇರಿ. ನೆಲ ಬಾಯಿಬಿಡಬಾರದೇ ಎನಿಸಿತು.

ಅವನು ನನ್ನ ಸೀಸೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಮೂಸಿದ. "ಸರ್, ತಣ್ಣಗಿದ್ದ ಎಂಜಿನ್ನಿಗೆ ಬರೇ ಇದನ್ನ ಹಾಕಿದ್ರೇನ್ರಿ?"

"ಹೂಂ."

"ಹೊಗಿ ಬೆಳ್ಳಗ ಬಂತೇನ್ರಿ?"

"ಭಾಳ ಬೆಳ್ಳಗ," ಎಂದೆ. ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಬೆಳ್ಳಗ ಬಂದ್ರ ಎಣ್ಣಿ ಹತ್ತಿ ಉರೀಲಾರದ ಹಂಗ ಹೊರಗ ಹೊಂಟೈತಿ ಅಂತ ಅರ್ಥ್ರಿ. ಕರೇ ಹೊಗಿ ಅಂಗಿ ಅರಬೀ ಹೊಲಸ ಮಾಡ್ತೈತಿ. ಇದು ಕಣ್ಣ ಸುಡ್ತೈತಿ." ಅವನು ಅವ್ವನ ಕಡೆ ತಿರುಗಿದ. "ಅವ್ವಾ, ನಂಬಿಕಿ ಬರವಲ್ದಾ? ಬಾ ಇಲ್ಲೆ."

ಒಲೆಯ ಮೇಲೆ ಕಾದಿದ್ದ ರೊಟ್ಟಿ ಹಂಚಿನ ಮೇಲೆ ಆ ಎಣ್ಣೆಯ ನಾಲ್ಕು ಹನಿ ಹಾಕಿದ. ತೆಳುವಾದ ಬಿಳಿ ಹೊಗೆ ಎದ್ದಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಮಲ್ಲೇಶಿ ಕೆಮ್ಮಿದ. ನನಗೆ ಧಾರಾಕಾರ. ಮೂವರೂ ಹಿತ್ತಲ ಬಾಗಿಲಿನಿಂದ ಹೊರಗೆ ಬಂದು ಸಾಲಾಗಿ ನಿಂತು ಅತ್ತೆವು. ಬೇಲಿಯಾಚೆಯ ಮನೆಯವಳು ಗಾಬರಿಯಿಂದ, "ಏನಾತ್ರೆವಾ, ಯಾರು ಹೋದ್ರು?" ಎಂದಳು.

"ಯಾರೂ ಹೋಗಿಲ್ಲವಾ," ಎಂದಳು ಅವ್ವ, ಅಳುತ್ತಲೇ. "ಸೊಸಿ ಬರ್ತಾಳ!"

ಮಲ್ಲೇಶಿ ಮರುವಾರ ಶಿಗ್ಗಾವಿಗೆ ಬಂದು ನಮ್ಮ ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ರಿಂಗುಗಳು ಅಂಟಿನಲ್ಲಿ ಮುಳುಗಿದ್ದವು. ಎಣ್ಣೆ ಚಿಮ್ಮಿಸುವ ನಾಝಲ್ಲಿನ ತೂತು ಮುಚ್ಚಿಹೋಗಿತ್ತು. ಅವನು ಗಿರಿಜವ್ವನಿಗೆ ಹೇಳಿಕೊಟ್ಟ: ಎಣ್ಣೆಯನ್ನು ಎಂಟು ದಿನ ತಳ ಕೂಡಿಸಬೇಕು, ಎಂಜಿನ್ನನ್ನು ಡೀಸೆಲ್ಲಿನಲ್ಲಿ ಎಬ್ಬಿಸಿ ಬಿಸಿ ಮಾಡಬೇಕು, ಎಣ್ಣೆಯ ಪೈಪನ್ನು ಬಿಸಿನೀರಿನ ಡ್ರಮ್ಮಿನ ಮೂಲಕ ಹಾಯಿಸಬೇಕು, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್. ಬಿಸಿಯಾದರೆ ಎಣ್ಣೆ ತೆಳ್ಳಗಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಪ್ರತಿವರ್ಷ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದೆ.

"ಇಷ್ಟ ಮಾಡಿದ್ರ ಹೊಗಿ ಹೋಗ್ತೈತೇನಪಾ?" ಎಂದು ಗಿರಿಜವ್ವ ಕೇಳಿದಳು.

"ಕಡಿಮಿ ಆಗ್ತೈತ್ರಿ ಅಕ್ಕಾರ. ಹೊಗಿ ಇಲ್ಲದ ಎಂಜಿನ್ ಹಲಗೀ ಮ್ಯಾಲ ಅಷ್ಟ ಇರ್ತೈತಿ." ಅವನು ಇದನ್ನು ನನ್ನನ್ನು ಕುರಿತು ಹೇಳಲಿಲ್ಲವೆಂದು ಇಂದಿಗೂ ನಂಬಿದ್ದೇನೆ.

ರಿಪೇರಿಗೆ ಅವನು ನಾಲ್ಕು ಸಲ ಬಂದ. ಎರಡನೆಯ ಸಲಕ್ಕೇ ಎಂಜಿನ್ ಗಡಿಯಾರದಂತೆ ಓಡುತ್ತಿತ್ತು. ಉಳಿದೆರಡು ಸಲ ಅವನು ಚಿಮಣಿಯ ಪಕ್ಕ ನಿಂತು, ಹೊಗೆ ಯಾವ ಕಡೆ ಹೋಗುತ್ತದೆಂದು ಎದುರು ಅಂಗಡಿಯನ್ನು ತಾಸುಗಟ್ಟಲೆ ಪರೀಕ್ಷಿಸಿದ. ಅಲ್ಲಿ ಹೊಲಿಗೆ ಮಷಿನ್ನಿನ ಸಪ್ಪಳ ನಿಂತು ನಿಂತು ಬರುತ್ತಿತ್ತು. ಇಂಥ ಆಳವಾದ ಸಂಶೋಧನೆ ನನ್ನಿಂದ ಸಾಧ್ಯವಾಗಿರಲಿಲ್ಲ!

ಲಗ್ನ ಹಿರೇಕೆರೂರಿನಲ್ಲಿ ಆಯಿತು. ಶಿಗ್ಗಾವಿಯಲ್ಲಿ ಬೇಡವೆಂದು ಎರಡೂ ಕಡೆಯವರು ಒಂದೇ ಬಾಯಲ್ಲಿ ಹೇಳಿದರಂತೆ. ಕಾರಣ ನಾನು ಕೇಳಲಿಲ್ಲ.

ನಾಲ್ಕಾರು ವರ್ಷ ಕಳೆದ ಮೇಲೆ ನಮ್ಮ ಓಣಿಗೂ ದೊಡ್ಡ ಕರೆಂಟು ಬಂತು. ಗಿರಿಜವ್ವ ಎಂಜಿನ್ ಮಾರಿ ಮೋಟಾರು ತರಿಸಿದಳು. ಜೋಡಿಸಲು ಬಂದವನು ತಂತಿ ಎಳೆಯುತ್ತಿದ್ದಾಗ ನಾನು ಹತ್ತಿರ ಹೋಗಿ ನಿಂತೆ. ಹೊಗೆ ಇಲ್ಲ, ಮಸಿ ಇಲ್ಲ, ಎಣ್ಣೆ ಇಲ್ಲ. ಇದರಲ್ಲಿ ಯಾರನ್ನೂ ಅಳಿಸುವ ಪ್ರಶ್ನೆಯೇ ಬರುವುದಿಲ್ಲ. "ಗಿರಿಜಾ, ಕರೆಂಟಿನ ಪಾಠಾನೂ ನಾನ ಮಾಡ್ತೇನಿ. ಈ ತಂತಿ ಸ್ವಲ್ಪ ಹಿಂಗ ತಿರುವಿ ಕೂಡಿಸಿದ್ರ..." ಎಂದು ಶುರುಮಾಡಿದೆ.

ಅವಳು ನನ್ನ ಕಡೆ ನೋಡಲೂ ಇಲ್ಲ. "ಏ ತಮ್ಮಾ, ಆ ಸ್ವಿಚ್ಚಿನ ಪೆಟ್ಟಿಗಿಗೆ ಕೀಲಿ ಹಾಕಾಕ ಬರ್ತೈತೇನು?"

"ಬರ್ತೈತ್ರಿ ಅಕ್ಕಾರ."

"ಹಂಗಾರ ಮದಲ ಅದನ್ನ ಕೂಡಸು. ಮೋಟಾರ್ ಆಮ್ಯಾಲ."

ಬೀಗಕ್ಕೆ ಎರಡು ಕೀಲಿಗಳಿದ್ದವು. ಒಂದನ್ನು ಗಿರಿಜವ್ವ ಸೊಂಟಕ್ಕೆ ಸಿಗಿಸಿಕೊಂಡಳು. ಇನ್ನೊಂದಕ್ಕೆ ನಾನು ಕೈ ಚಾಚಿದೆ.

ಅದು ಫಕೀರಪ್ಪನ ಅಂಗಡಿಗೆ ಹೋಯಿತು!